ಹೆಸರು ಬಿಟ್ಟು ಓದಿದ ಕಾದಂಬರಿ

ಅಜೂಮಿ ಆ ಪುಸ್ತಕವನ್ನು ತರಿಸಿದ್ದು ಪ್ರೇಮಕ್ಕಾಗಿಯೂ ಅಲ್ಲ, ಅದರೊಳಗಿನ ಕೊಲೆಗಾಗಿಯೂ ಅಲ್ಲ. ಗಂಡ ವರ್ಷಕ್ಕೆರಡು ಸಲ ಹೋಗಿಬರುವ ಊರು ಹೇಗಿದೆಯೆಂದು ತಿಳಿದುಕೊಳ್ಳುವುದಕ್ಕೆ. ಆತ ಲೇಸು ಬಟ್ಟೆಯ ವ್ಯಾಪಾರಿ. ಇಸ್ತಾಂಬುಲ್‌ಗೆ ಹೋಗುತ್ತಾನೆ, ಹದಿನೈದನೆಯ ದಿನ ಮೂಟೆಗಳ ಜೊತೆ ಬಂದಿಳಿಯುತ್ತಾನೆ, ಊರು ಹೇಗಿತ್ತು ಎಂದರೆ "ಚಳಿ" ಎನ್ನುತ್ತಾನೆ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಆ ಊರಿನ ಬಗ್ಗೆ ಅವಳಿಗೆ ದಕ್ಕಿದ್ದು ಅದೊಂದೇ ಮಾತು.

ಹಾಗಾಗಿ, ಮುಖಪುಟದಲ್ಲಿ ಎತ್ತರದ ಕಟ್ಟಡವೂ ಕಣ್ಣೀರು ಸುರಿಸುವ ಹೆಂಗಸೂ ಇದ್ದ 'ಏಳನೇ ಮಹಡಿ' ಎಂಬ ಕಾದಂಬರಿಯನ್ನು ತಂಗಿಯ ಕೈಲಿ ಕುರ್ಮಿ ಸಂತೆಯಿಂದ ತರಿಸಿಕೊಂಡು, ಸೆರಗಿನಡಿ ಇಟ್ಟುಕೊಂಡು ನನ್ನ ತರಗತಿಗೆ ಬಂದಳು.

ನನ್ನ ಹೆಸರು ಗಂಬೋ. ಅವಳಿ ಮಕ್ಕಳ ನಂತರ ಹುಟ್ಟಿದವಳಿಗೆ ನಮ್ಮಲ್ಲಿ ಬೇರೆ ಹೆಸರು ಹುಡುಕುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ನಿವೃತ್ತಳಾದ ಮೇಲೆ ಕಾನೋ ನಗರದ ಹಳೆಯ ಊರಿನಲ್ಲಿ, ಬಟ್ಟೆಗೆ ನೀಲಿ ಬಣ್ಣ ಹಾಕುವ ಗುಂಡಿಗಳ ಹಿಂದಿನ ನಮ್ಮ ಕೇರಿಯಲ್ಲಿ, ಮದುವೆಯಾದ ಹೆಂಗಸರಿಗೆ ಓದುಬರಹ ಕಲಿಸುತ್ತೇನೆ; ಅವರ ಬಾಯಲ್ಲಿ ನಾನು 'ಮಾಲಮಾ', ಅಂದರೆ ಟೀಚರಮ್ಮ. ಸೋಮವಾರ, ಗುರುವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸಂಜೆಯ ನಮಾಜಿನವರೆಗೆ. ಇಪ್ಪತ್ತೆರಡು ಹೆಂಗಸರು, ಗಂಡಂದಿರ ಅಪ್ಪಣೆ ಪಡೆದು ಹೊಸಿಲು ದಾಟಿ ಬರುವವರು. ಕೊನೆಯ ಅರ್ಧ ಗಂಟೆ ಒಬ್ಬಳು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಅದಕ್ಕೆಂದು ನಾನು ಆರಿಸಿದ್ದ ಪುಸ್ತಕಗಳು ಬಹಳ ಒಳ್ಳೆಯವು: ಬಾಣಂತಿಯ ಆರೈಕೆ, ಕೋಳಿ ಸಾಕಣೆ, ಸಜ್ಜನರ ಚರಿತ್ರೆ. ಕೋಳಿ ಸಾಕಣೆಯ ಮೂರನೆಯ ಪುಟದಲ್ಲಿ ನಾನೇ ತೂಕಡಿಸಿದ್ದುಂಟು.

"ಮಾಲಮಾ, ಇವತ್ತು ಇದನ್ನ ಓದ್ಲಾ?" ಎಂದು ಅಜೂಮಿ ಸೆರಗಿನಡಿಯಿಂದ ಪುಸ್ತಕ ತೆಗೆದಾಗ ನಾನು ಮುಖ ಕಿವುಚಿದೆ. ಇಂಥವನ್ನು ನಾನು ಓದುವವಳಲ್ಲ. ಅಂದರೆ, ಓದಿದ್ದೇನೆಂದು ಹೇಳುವವಳಲ್ಲ.

"ಒಂದೇ ಪುಟ," ಎಂದೆ.

ಅವತ್ತು ಹನ್ನೆರಡು ಪುಟ ಆಯಿತು. ಸಂಜೆಯ ಬಾಂಗು ಕೇಳಿಸಿದಾಗ ಇಪ್ಪತ್ತೆರಡು ಹೆಂಗಸರೂ ನನ್ನನ್ನು ನೋಡಿದ ನೋಟದಲ್ಲಿ, ಸೂರ್ಯನನ್ನು ನಾನೇ ಬೇಕೆಂದು ಕೆಳಗೆ ತಳ್ಳಿದೆನೆಂಬ ದೂರಿತ್ತು.

ಕತೆ ಇಷ್ಟು. ಕಾನೋದ ಹುಡುಗಿ ಬಿಲ್ಕೀಸು ದಾದಿಯ ಕೆಲಸ ಕಲಿಯಲು ಇಸ್ತಾಂಬುಲ್‌ಗೆ ಹೋಗುತ್ತಾಳೆ. ಏಳನೆಯ ಮಹಡಿಯ ಒಂದು ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಗುತ್ತದೆ. ಮನೆಯ ಯಜಮಾನ ನಮ್ಮೂರಿನವನೇ ಆದ ಒಬ್ಬ ಡಾಕ್ಟರು. ಮಾತು ಕಡಿಮೆ, ಕಣ್ಣು ಸುಂದರ. ಅವನ ಮೊದಲ ಹೆಂಡತಿ ಏನಾದಳೆಂದು ಯಾರೂ ಹೇಳುವುದಿಲ್ಲ. ಮನೆಯ ತುದಿಯಲ್ಲಿ ಒಂದು ಬೀಗ ಹಾಕಿದ ಕೋಣೆ. ಎದುರು ಮನೆಯಲ್ಲಿ ಕಬೀರು ಎಂಬ ನಗೆಮೊಗದ ಹುಡುಗ. "ಓಡಿಹೋಗು, ಆ ಡಾಕ್ಟರು ಹೆಂಡತಿಯನ್ನು ಕೊಂದಿದ್ದಾನೆ" ಎಂದು ಚೀಟಿ ಬರೆದು ಬಾಗಿಲಡಿ ತಳ್ಳುತ್ತಾನೆ. ಬಿಲ್ಕೀಸು ಓಡಿಹೋಗುವುದಿಲ್ಲ. ಓಡಿಹೋದರೆ ಮೂರು ಪುಸ್ತಕದಲ್ಲಿ ಮೂರು ಭಾಗ ಹೇಗೆ ಬಂದೀತು?

ಇದನ್ನು ಬರೆದವಳು ನಮ್ಮಿಂದ ಎರಡು ಕೇರಿ ಆಚೆಯವಳು. ವಿಮಾನವನ್ನು ಕೆಳಗಿನಿಂದ ಮಾತ್ರ ಕಂಡವಳು. ಅವಳ ಇಸ್ತಾಂಬುಲ್‌ನಲ್ಲಿ ಬಿಲ್ಕೀಸು ಕಿಟಕಿಯ ಮೇಲೆ ಬಿದ್ದ ಹಿಮವನ್ನು ಬಟ್ಟಲಿಗೆ ಗೋರಿಕೊಂಡು, ಸಜ್ಜೆಯ ಫೂರಾ ಕಲಸಿ ತಣ್ಣಗೆ ಕುಡಿಯುತ್ತಾಳೆ. ನಮ್ಮವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಿಮ ಮತ್ತೆ ಯಾತಕ್ಕಾದರೂ ಬೇಕಲ್ಲ. ನಾನು ನಾಲ್ಕು ವರ್ಷ ಭೂಪಟ ತೋರಿಸಿದರೂ ನಮ್ಮ ದೇಶ ಯಾವ ಮೂಲೆಯಲ್ಲಿದೆಯೆಂದು ಹೇಳಲಾರದವರು, ಎರಡು ವಾರದಲ್ಲಿ ಬಾಸ್ಫರಸ್ ಜಲಸಂಧಿಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟರು. ಲಾರಾಯಿ ಎಂಬ ತುಂಬು ಬಸುರಿ, ಹೆಣ್ಣಾದರೆ ಬಿಲ್ಕೀಸು ಎಂದೇ ಹೆಸರೆಂದು ಸಾರಿ, ಅದು ಅತ್ತೆಯ ಕನಸಿನಲ್ಲಿ ಬಂದ ಹೆಸರೆಂದು ಗಂಡನನ್ನು ನಂಬಿಸಿದಳು. ಎರಡು ಮನೆಯಲ್ಲಿ ಸಾರು ಸೀದಿತು.

ತೊಡಕು ಒಂದೇ. ಆ ಡಾಕ್ಟರ ಹೆಸರು ನಾಸಿರು. ಅಜೂಮಿಯ ಗಂಡನ ಹೆಸರೂ ನಾಸಿರು.

ಗಂಡನ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಪಿಂಚಣಿ ಕಚೇರಿಗೆ ಹೋದಾಗ, ಗುಮಾಸ್ತ ಮೂರು ಸಲ ಕೇಳಿದ ಮೇಲೆ ನಾನು ಅವರ ಹೆಸರನ್ನು ಚೀಟಿಯಲ್ಲಿ ಬರೆದು ಮುಂದಕ್ಕೆ ತಳ್ಳಿದೆ. ಬಿ.ಎ. ಓದಿದವಳ ಕತೆ ಇದು. ಅಜೂಮಿಗಂತೂ ಆ ಹೆಸರು ಪುಟದಲ್ಲಿ ಎದುರಾದಾಗ ನಾಲಿಗೆ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅವಳು ಓದಿದಳು: "ಬಿಲ್ಕೀಸು ಬಾಗಿಲು ತೆರೆದಳು. ಎದುರಿಗೆ ನಮ್ಮನೆಯವರು ನಿಂತಿದ್ದರು."

ಮೊದಲ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಅಯ್ಯೋ, ನಿಮ್ಮನೆಯೋರು ಅಲ್ಲಿ ಯಾಕೆ ಹೋದ್ರೇ?"

"ಲೇಸು ಮಾರೋಕೆ ಕಣೇ, ಸುಮ್ನಿರು!"

"ಬಿಲ್ಕೀಸೂ, ಹುಷಾರಮ್ಮಾ, ಅವರಿಗೆ ಉಪ್ಪು ಜಾಸ್ತಿಯಾದ್ರೆ ಆಗಲ್ಲ!"

ಎರಡನೆಯ ವಾರಕ್ಕೆ ಯಾರೂ ನಗಲಿಲ್ಲ. ಅಭ್ಯಾಸವಾಯಿತು. 'ನಮ್ಮನೆಯವರು' ಎಂದರೆ ಡಾಕ್ಟರು ಎಂದು ಇಪ್ಪತ್ತೆರಡು ಜನಕ್ಕೂ ಗೊತ್ತು. ಗೊತ್ತಿಲ್ಲದವಳು ಇಪ್ಪತ್ತಮೂರನೆಯವಳು.

ದೇಲೂ ನಮ್ಮ ತರಗತಿಯವಳಲ್ಲ. ಬಟ್ಟೆಯ ಗಂಟು ತಲೆಯ ಮೇಲಿಟ್ಟುಕೊಂಡು, ಹೊರಗೆ ಬಾರದ ಹೆಂಗಸರ ಮನೆಮನೆಗೆ ಹೋಗಿ ಮಾರುವ ಮುದುಕಿ. ಗಂಟಿನಲ್ಲಿ ಬಟ್ಟೆ ಎಷ್ಟಿರುತ್ತದೋ, ಸುದ್ದಿ ಅದರ ಎರಡರಷ್ಟು. ಬಟ್ಟೆ ಹಳೆಯದಾದರೂ ಕೊಳ್ಳುವವರಿದ್ದಾರೆ, ಸುದ್ದಿ ಮಾತ್ರ ತಾಜಾ ಇರಬೇಕೆಂಬುದು ಅವಳ ವ್ಯಾಪಾರದ ನೀತಿ. ಎರಡನೆಯ ಭಾಗ ಮುಗಿಯುವ ಗುರುವಾರ ಅವಳು ಬಾಗಿಲ ಬಳಿ ಗಂಟು ಇಳಿಸಿ ಕೂತಳು. ಅವಳು ಕಂಡದ್ದು ಅಜೂಮಿಯ ಬೆನ್ನು. ಪುಸ್ತಕ ಮಡಿಲಲ್ಲಿತ್ತು. ಕೇಳಿಸಿದ್ದು ಇದು:

"ನಮ್ಮನೆಯವರು ಏಳನೆಯ ಮಹಡಿಯ ಆ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಒಳಗೆ ಏನಿದೆಯೆಂದು ಕೇಳಿದ್ದಕ್ಕೆ ನಮ್ಮನೆಯವರು ಉತ್ತರ ಕೊಡಲಿಲ್ಲ. ಮೊದಲ ಹೆಂಡತಿಯ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇತ್ತು..."

ಅಜೂಮಿ ಬಿಕ್ಕುತ್ತಲೇ ಪುಟ ತಿರುಗಿಸಿದಳು. ಸುತ್ತ ಇಪ್ಪತ್ತೊಂದು ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಕನ್ನಡಕ ಒರೆಸಿದೆ, ಧೂಳಿತ್ತು. ತಿರುಗಿ ನೋಡಿದರೆ ದೇಲೂ ಇರಲಿಲ್ಲ, ಗಂಟೂ ಇರಲಿಲ್ಲ. ಅವಳು ಯಾವತ್ತೂ ಏನನ್ನೂ ಮಾರದೆ ಎದ್ದು ಹೋದವಳಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ನನ್ನ ತಲೆ ಆ ಬೀಗದ ಕೋಣೆಯಲ್ಲಿತ್ತು.

ಸೋಮವಾರ ಅಜೂಮಿ ಬರಲಿಲ್ಲ. ಮೂರನೆಯ ಭಾಗ ಇದ್ದದ್ದು ಅವಳ ಬಳಿ. ತಂಗಿ ಅದನ್ನು ಶನಿವಾರವೇ ತಂದುಕೊಟ್ಟಿದ್ದಳು, ತರಗತಿಗೆ ಮುಂಚೆ ತೆರೆಯುವುದಿಲ್ಲವೆಂದು ಅಜೂಮಿ ಆಣೆ ಮಾಡಿದ್ದಳು.

"ಜ್ವರ ಇರ್ಬೇಕು," ಎಂದಳೊಬ್ಬಳು.

"ಜ್ವರ ಬಂದ್ರೆ ಪುಸ್ತಕ ಕಳಿಸ್ಬೇಕಿತ್ತು. ಪುಸ್ತಕಕ್ಕೇನು ಜ್ವರನಾ?" ಎಂದಳು ಕಾಂಡೆ. ಕಾಂಡೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಐವತ್ತೆಂಟಕ್ಕೆ ಅಕ್ಷರ ಕಲಿತವಳು. ಕಳೆದುಹೋದ ಐವತ್ತೆಂಟು ವರ್ಷದ ಸಿಟ್ಟನ್ನೆಲ್ಲ ಈಗ ನಿಧಾನವಾಗಿ ಓದುವವರ ಮೇಲೆ ತೀರಿಸುತ್ತಾಳೆ.

ಸುದ್ದಿ ತಂದವಳು ಲಾರಾಯಿಯ ನಾದಿನಿ. ಹೆರಿಗೆಯಾಗಿದೆ, ಹೆಣ್ಣು ಮಗು ಎಂದು ಹೇಳಲು ಬಂದವಳು, ಅದನ್ನು ಒಂದೇ ಉಸಿರಿನಲ್ಲಿ ಮುಗಿಸಿ ದೊಡ್ಡ ಸುದ್ದಿಗೆ ಕೈ ಹಾಕಿದಳು. "ನಿಮ್ಗೆ ಗೊತ್ತಿಲ್ವಾ? ಅಲ್ಹಾಜಿ ನಾಸಿರು ಇಸ್ತಾಂಬುಲ್‌ನಲ್ಲಿ ಒಬ್ಬಳನ್ನ ಇಟ್ಕೊಂಡಿದ್ದಾರಂತೆ. ಏಳನೇ ಮಹಡೀಲಿ. ಅವಳಿಗಿಂತ ಮುಂಚೆ ಇನ್ನೊಬ್ಬಳು ಇದ್ಳಂತೆ, ಅವಳನ್ನ ಕೋಣೇಲಿ ಕೂಡಿಹಾಕಿ... ಚಪ್ಪಲಿ ಮಾತ್ರ ಉಳಿದಿದೆಯಂತೆ! ಅಜೂಮೀನೇ ತರಗತೀಲಿ ಅತ್ಕೊಂಡು ಹೇಳಿದ್ಳಂತಲ್ಲ?"

ಇಪ್ಪತ್ತು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ ಹೆದರಬೇಕೋ ತಿಳಿಯದ ಒಂದು ಗಳಿಗೆ. ಕಾಂಡೆ ಹಣೆ ಚಚ್ಚಿಕೊಂಡಳು. "ದೇಲೂ!"

ಹೆದರುವುದಕ್ಕೆ ಕಾರಣವಿತ್ತು. ಅಜೂಮಿಯ ಗಂಡ ಎರಡನೆಯ ಮದುವೆಗೆ ಹೊರಟಿದ್ದ. ಹುಡುಗಿ ಊರಿನ ಪಶ್ಚಿಮದ ಕೋಟೆಬಾಗಿಲ ಕಡೆಯ ಜುಲಾಯಿ. ಹತ್ತೊಂಬತ್ತರವಳು, ಹಜ್ ಮುಗಿಸಿ ಬಂದ ತಬಾವಾ ಎಂಬ ಹಾಜಿಯಾಳ ಸೋದರಸೊಸೆ. ಹಿಂದಿನ ದಿನ, ಭಾನುವಾರ, ಮದುವೆಗೆ ದಿನ ಗೊತ್ತು ಮಾಡಬೇಕಿತ್ತು. ಹಾಜಿಯಾ ತಬಾವಾ ದಿನ ಗೊತ್ತು ಮಾಡುವ ಬದಲು, "ನಮ್ಮ ಹುಡುಗಿಗೆ ಮಹಡಿ ಹತ್ತಿ ಅಭ್ಯಾಸವಿಲ್ಲ" ಎಂದು ಹೇಳಿಕಳಿಸಿದ್ದಳು.

ಮಾರನೆಯ ದಿನ ನಾನು ಅಜೂಮಿಯ ಮನೆಗೆ ಹೋದೆ. ಅವಳು ಒಳಂಗಳದಲ್ಲಿ ಒರಳಿನ ಮುಂದೆ ನಿಂತು ಮೆಣಸು ಕುಟ್ಟುತ್ತಿದ್ದಳು. ಒರಳಿಗೆ ಬಾಯಿ ಇದ್ದಿದ್ದರೆ ಪಂಚಾಯಿತಿಗೆ ಹೋಗುತ್ತಿತ್ತು.

"ಪುಸ್ತಕ ಕಸ್ಕೊಂಡ್ರು," ಎಂದಳು. "ಕಬ್ಬಿಣದ ಪೆಟ್ಟಿಗೇಲಿ ಹಾಕಿ ಬೀಗ ಜಡಿದಿದ್ದಾರೆ. ತರಗತಿಗೂ ಹೋಗ್ಬಾರ್ದಂತೆ. ಇನ್ಮುಂದೆ ಯಾವತ್ತೂ."

"ಅದು ಬರೀ ಕತೆ ಅಂತ ಹೇಳಿದ್ಯಾ?"

"ಹೇಳ್ದೆ. ‘ಕತೆಯಾದ್ರೆ ನನ್ನನ್ನ ಯಾಕೆ ಅದರೊಳಗೆ ಹಾಕ್ದೆ’ ಅಂದ್ರು. ಹಾಕ್ಲಿಲ್ಲ, ತೆಗೆದೆ ಅಂದೆ. ಅರ್ಥ ಆಗ್ಲಿಲ್ಲ."

"ಮದುವೆ ನಿಂತುಹೋಗುತ್ತೇನೋ." ಈ ಮಾತು ಅವಳಿಗೆ ಸಮಾಧಾನ ತಂದೀತೇನೋ ಎಂದುಕೊಂಡಿದ್ದೆ.

ಅಜೂಮಿ ಒನಕೆ ನಿಲ್ಲಿಸಿದಳು. "ಮಾಲಮಾ, ಸವತಿ ಬಂದ್ರೆ ಬರ್ಲಿ. ಬರದಿದ್ರೆ ಇನ್ನೂ ಒಳ್ಳೇದು. ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ನನ್ಗೆ ಆ ಕೋಣೇಲಿ ಏನಿದೆ ಅಂತ ಗೊತ್ತಾಗ್ಬೇಕು. ಹನ್ನೊಂದು ವರ್ಷ ಈ ಮನೇಲಿ ನಾನು ಅದು ಬೇಕು, ಇದು ಬೇಕು ಅಂತ ಕೇಳಿದವಳಲ್ಲ. ಈಗ ಕೇಳ್ತಿದೀನಿ. ಮೂರನೇ ಭಾಗ ಬೇಕು. ತರಗತಿ ಬೇಕು."

ಹೊರಡುವಾಗ ಮುಂಬಾಗಿಲ ಕೋಣೆಯಲ್ಲಿ ಅಲ್ಹಾಜಿ ನಾಸಿರು ಕಾದಿದ್ದ. ದಪ್ಪ ಮೈಯ, ಮರ್ಯಾದಸ್ಥ ಮನುಷ್ಯ. ಕೇರಿಯ ಹೆಣದ ಮೆರವಣಿಗೆಗೆಲ್ಲ ಮೊದಲು ಹೆಗಲು ಕೊಡುವವನು. ನೆಲ ನೋಡುತ್ತ ಮಾತಾಡಿದ. ಅವನ ಅಕ್ಕ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು.

"ಮಾಲಮಾ, ನೀವು ದೊಡ್ಡವರು. ಹಾಜಿಯಾ ತಬಾವಾ ಹತ್ರ ಹೋಗಿ ಅದು ಪುಸ್ತಕದ ಕತೆ ಅಂತ ಒಂದು ಮಾತು ಹೇಳ್ಬಿಡಿ."

"ಹೇಳ್ಬಹುದು ಅಲ್ಹಾಜಿ. ಶಿಷ್ಯೆಯನ್ನ ಉಳಿಸೋಕೆ ಮುದುಕಿ ಸುಳ್ಳು ಹೇಳ್ತಾಳೆ ಅಂತಾರೆ. ಮಾತು ಹೊರಟಿದ್ದು ಅಜೂಮಿ ಬಾಯಿಂದ. ಅವಳ ಬಾಯಿಂದಲೇ ಮುಚ್ಚಬೇಕು."

"ಎಂಥಾ ಪುಸ್ತಕ ಅಂತ ಅದು!" ಅವನ ಸಿಟ್ಟು ಈಗ ಹೊರಬಂತು. "ಅದರಲ್ಲಿ ಒಂದಕ್ಷರ ನಿಜ ಇಲ್ಲ. ಏಳನೇ ಮಹಡಿಯಿಂದ ಸಮುದ್ರ ಕಾಣುತ್ತಂತೆ! ನಾನು ಇಪ್ಪತ್ತು ಸಲ ಹೋಗಿದೀನಿ, ಆ ಬೀದೀಲಿ ಸಮುದ್ರ ಎಲ್ಲಿಂದ ಬರ್ಬೇಕು? ಹಿಮದಲ್ಲಿ ಫೂರಾ! ಆ ದಪ್ಪ ಮೀಸೆ ಪೊಲೀಸಿನವನಂತೂ ಶುದ್ಧ ದಡ್ಡ, ಕಣ್ಣೆದುರಿಗೆ ಮೆಟ್ಟಿಲಿದ್ರೂ..."

ನಿಲ್ಲಿಸಿದ.

"ಪೊಲೀಸಿನವನಾ?" ಎಂದೆ. "ನಾವು ಎರಡು ಭಾಗ ಓದಿದೀವಿ ಅಲ್ಹಾಜಿ. ಪೊಲೀಸರು ಇನ್ನೂ ಬಂದಿಲ್ಲ."

ಒಳಗೆ ಮತ್ತೆ ಶುರುವಾಗಿದ್ದ ಒನಕೆಯ ಸದ್ದು ನಿಂತಿತು. ಪರದೆಯ ಹಿಂದಿನಿಂದ ಅಜೂಮಿಯ ಧ್ವನಿ ಬಂತು. ಗಂಡ ತರಗತಿ ನಿಲ್ಲಿಸಿದಾಗಲೂ ಅಷ್ಟು ನೋವಾಗಿರಲಿಕ್ಕಿಲ್ಲ.

"ಓದಿಬಿಟ್ರಾ? ನನಗಿಂತ ಮುಂಚೆ?"

ಅಲ್ಹಾಜಿ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. "ಏನು ಬರೆದಿದ್ದಾರೆ ಅಂತ ನೋಡ್ಬೇಡ್ವಾ? ನನ್ನ ಹೆಸರು..."

"ಹಾಗಾದ್ರೆ ಕೊಡಿ," ಎಂದಳು ಅಜೂಮಿ. "ಲಾರಾಯಿ ಮಗೂಗೆ ಶುಕ್ರವಾರ ನಾಮಕರಣ. ಹಾಜಿಯಾ ತಬಾವಾನೂ ಬರ್ತಾರೆ, ಲಾರಾಯಿ ಅವರಿಗೆ ದೂರದ ನೆಂಟಳು. ಎಲ್ಲರ ಮುಂದೆ ಓದ್ತೀನಿ. ಪುಸ್ತಕ ಅಂತ ಗೊತ್ತಾಗುತ್ತೆ. ಆದ್ರೆ ತರಗತಿಗೆ ನಾನು ವಾಪಸ್ ಹೋಗ್ಬೇಕು. ಮಾಲಮಾ ಎದುರಿಗೆ ಹೂಂ ಅನ್ನಿ."

"ಓದು," ಎಂದ ಆತ. "ಹೂಂ. ಆದ್ರೆ..." ಅವನ ಕೈ ಮತ್ತೆ ಟೋಪಿಗೆ ಹೋಯಿತು. "ಆ ಡಾಕ್ಟರನ್ನ ಏನಂತ ಓದ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನಮ್ಮನೆಯವರು ಅಂತ ಓದಿದ್ರೆ ಇವತ್ತಿರೋ ಜಾಗದಲ್ಲೇ ಇರ್ತೀವಿ. ಆ ಹೆಂಗಸರಲ್ಲಿ ಮುಕ್ಕಾಲು ಜನಕ್ಕೆ ಓದಕ್ಕೆ ಬರಲ್ಲ. ಪುಸ್ತಕ ತೋರಿಸಿದ್ರೆ ರಟ್ಟು ನೋಡ್ತಾರೆ. ಕಿವಿಗೆ ಏನು ಬೀಳುತ್ತೋ ಅದೇ ಲೆಕ್ಕ."

"ಬೇರೆ ಹೆಸರು ಹಾಕಿ ಓದ್ಲಿ. ಮೂಸಾ ಅನ್ಲಿ. ಇದ್ರಿಸು ಅನ್ಲಿ. ಊರಲ್ಲಿ ಹೆಸರಿಗೇನು ಬರಗಾಲನಾ?"

"ಇಲ್ಲ," ಎಂದಳು ಅಜೂಮಿ. ಕೂಗಲಿಲ್ಲ. ಪರದೆ ಮಾತ್ರ ಸ್ವಲ್ಪ ಅಲುಗಿತು. "ಬರೆದಿದ್ದನ್ನ ಬದಲಾಯಿಸಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ನಾಳೆ ಯಾವನೋ ಮೂಸಾನ ಮನೆಗೆ ದೇಲೂ ಹೋಗ್ತಾಳೆ. ಇನ್ನು ಮೇಲೆ ಬರೆದ ಹಾಗೇ ಓದ್ತೀನಿ. ಒಂದಕ್ಷರ ಬಿಡಲ್ಲ. ಬೇಕಾದ್ರೆ ಪುಸ್ತಕ ಕೊಡಿ, ಬೇಡವಾದ್ರೆ ಪೆಟ್ಟಿಗೇಲೇ ಇಟ್ಕೊಳ್ಳಿ, ಹಾಜಿಯಾ ತಬಾವಾಗೆ ನೀವೇ ಹೇಳ್ಕೊಳ್ಳಿ."

ತನ್ನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಲೆಂದು ಯಾವ ಗಂಡ ಅಪ್ಪಣೆ ಕೊಟ್ಟಾನು? ಹೇಳಬಾರದೆಂದರೆ ಕೊಲೆಗಾರನಾಗಿಯೇ ಉಳಿಯಬೇಕು. ಅಲ್ಹಾಜಿ ಎದ್ದು ಒಳಗೆ ಹೋದ. ಪೆಟ್ಟಿಗೆಯ ಬೀಗ ತೆರೆದ ಸದ್ದು ಕೇಳಿಸಿತು. ಪುಸ್ತಕ ತಂದು ನನ್ನ ಕೈಗೆ ಕೊಟ್ಟ, ಅವಳ ಕೈಗೆ ಕೊಡಲಿಲ್ಲ. ಅವಳಿಗೆ ಅಪ್ಪಣೆ ಕೊಟ್ಟ ಹಾಗಾಗಬಾರದಲ್ಲ. ಕೊನೆಯಿಂದ ಎರಡನೆಯ ಅಧ್ಯಾಯದಲ್ಲಿ ಒಂದು ಪುಟದ ತುದಿ ಮಡಿಸಿತ್ತು. ನಾನದನ್ನು ನೋಡಿದ್ದು ಅವನ ಕಣ್ಣಿಗೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಹೊರಗೆ ಗಂಡಸರು ಸೇರಿ, ಇಮಾಮರು ಮಗುವಿಗೆ ಬಿಲ್ಕೀಸು ಎಂದು ಹೆಸರು ಹೇಳಿ, ಶುಭಕಾರ್ಯಕ್ಕೆ ಹಂಚುವ ಕೋಲಾಕಾಯಿ ತೆಗೆದುಕೊಂಡು ಎದ್ದುಹೋದರು. ಒಳಂಗಳ ಹೆಂಗಸರದು. ಎಂಬತ್ತು ಜನ ಇದ್ದರು. ಹುರಿದ ಮಾಂಸ, ಅನ್ನದ ಹರಿವಾಣ, ಮೈತುಂಬ ಲೇಸು. ಅರ್ಧಕ್ಕರ್ಧ ಅಲ್ಹಾಜಿ ನಾಸಿರುವಿನ ಅಂಗಡಿಯದೇ. ಹಾಜಿಯಾ ತಬಾವಾ ನಡುವಿನ ಚಾಪೆಯ ಮೇಲೆ, ಕಾಲು ಚಾಚಿ, ನ್ಯಾಯಾಧೀಶೆಯಂತೆ ಕೂತಿದ್ದಳು. ದೇಲೂ ಅವಳ ಪಕ್ಕದಲ್ಲೇ. ನಮ್ಮ ಇಪ್ಪತ್ತು ಹೆಂಗಸರು ಯಾರೂ ಹೇಳದೆಯೇ ಅಜೂಮಿಯ ಸುತ್ತ ಕೋಟೆಗೋಡೆಯಂತೆ ಕೂತರು. ಬಾಣಂತಿ ಲಾರಾಯಿ ಹಾಸಿಗೆಯನ್ನೇ ಬಾಗಿಲಿಗೆ ಎಳೆಸಿಕೊಂಡಳು.

"ಏನಮ್ಮಾ," ಎಂದಳು ತಬಾವಾ, "ನಿನ್ನ ಗಂಡನ ಕತೆ ಮುಂದಿನ ಭಾಗ ಇವತ್ತಂತೆ?"

"ನನ್ನ ಗಂಡನ ಕತೆ ಅಲ್ಲ ಹಾಜಿಯಾ. ಕತೆಗಾರ್ತಿ ಬರೆದಿದ್ದು."

"ದೇಲೂ ತನ್ನ ಕಿವಿಯಾರೆ ಕೇಳಿದ್ದಾಳೆ."

"ಕೇಳ್ದೆ!" ಎಂದಳು ದೇಲೂ. "ದೇವರಾಣೆ, ನಮ್ಮನೆಯವರು ಬೀಗ ಹಾಕಿದ್ರು ಅಂತ ಅತ್ಕೊಂಡು ಹೇಳಿದ್ಳು!"

"ಓದಿದ್ದು ದೇಲಮ್ಮಾ, ಹೇಳಿದ್ದಲ್ಲ," ಎಂದು ಕಾಂಡೆ ಗದರಿದಳು. "ನಿನ್ನ ಗಂಟಲ್ಲಿರೋ ಬಟ್ಟೆ ಎಲ್ಲಾ ನೀನೇ ನೇಯ್ದಿದ್ದಾ?"

ಅಜೂಮಿ ಪುಸ್ತಕ ತೆಗೆದಳು. ಮೊದಲು ಅದನ್ನು ತಬಾವಾಳ ಕೈಗೆ ಕೊಟ್ಟಳು. ಅವಳು ರಟ್ಟು ನೋಡಿ, ಹಿಂದೆ ಮುಂದೆ ತಿರುಗಿಸಿ, ಬೆರಳಲ್ಲಿ ದಪ್ಪ ಅಳೆದು ಹಿಂದಕ್ಕೆ ಕೊಟ್ಟಳು. ಅಜೂಮಿ ಮೊದಲ ಪುಟ ತೆರೆದಳು. ಅವಳ ಪಕ್ಕದಲ್ಲಿ ಕೂತಿದ್ದ ನನಗೆ ಪುಟ ಕಾಣುತ್ತಿತ್ತು. ಮೂರನೆಯ ಸಾಲಿನಲ್ಲಿ ಆ ಹೆಸರು ಇತ್ತು.

"ಬೆಳಗಾಯಿತು. ಬಿಲ್ಕೀಸು ಕಿಟಕಿಯ ಬಳಿ ನಿಂತಿದ್ದಳು. ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿ ತಿರುಗಿದಳು. ಅಲ್ಲಿ..."

ನಿಂತಿತು. ಅವಳ ತುಟಿ ಅಭ್ಯಾಸದ ದಾರಿಗೆ ಹೊರಟದ್ದನ್ನು ನಾನು ಕಂಡೆ. ಎಂಬತ್ತು ಹೆಂಗಸರು, ಅದರಲ್ಲಿ ಅವಳ ಅತ್ತೆಯ ತಂಗಿಯರು ಇಬ್ಬರು. ನಾನು ಚೀಟಿಯಲ್ಲಿ ಬರೆದು ತಳ್ಳಿದವಳು.

"ಅಲ್ಲಿ ನಾಸಿರು ನಿಂತಿದ್ದ," ಎಂದು ಓದಿದಳು ಅಜೂಮಿ.

ಹರಿವಾಣಕ್ಕೆ ಚಮಚ ಬಿದ್ದ ಸದ್ದು. ಯಾರೋ "ಅಸ್ತಗ್ಫಿರುಲ್ಲಾ, ದೇವರೇ ಕ್ಷಮಿಸು" ಎಂದರು. ಅತ್ತೆಯ ತಂಗಿಯೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಳು, ಕಿವಿ ಮಾತ್ರ ಬಿಟ್ಟು.

"ನಾಚಿಕೆ ಆಗಲ್ವೇನೇ?" ಎಂದಳು ಇನ್ನೊಬ್ಬಳು.

"ಆಗುತ್ತೆ ಚಿಕ್ಕಮ್ಮಾ," ಎಂದಳು ಅಜೂಮಿ. ಕಿವಿಯ ಓಲೆಯವರೆಗೂ ಮುಖ ಬಿಸಿಯೇರಿತ್ತು, ತಲೆ ತಗ್ಗಿಸಲಿಲ್ಲ. "ಆದ್ರೂ ಪುಸ್ತಕದಲ್ಲಿ ಹಾಗೇ ಇದೆ. ಪುಸ್ತಕದ ನಾಸಿರು ಡಾಕ್ಟರು, ತೆಳ್ಳಗಿದ್ದಾನೆ, ಹೆಂಡತಿ ಎಲ್ಲಿ ಅಂದ್ರೆ ಉತ್ತರ ಕೊಡಲ್ಲ. ನಮ್ಮನೆಯವರು ಲೇಸು ಮಾರ್ತಾರೆ. ತೆಳ್ಳಗಂತೂ ಇಲ್ಲ, ನೀವೇ ನೋಡಿದ್ದೀರಿ. ಇಬ್ಬರೂ ಬೇರೆ ಬೇರೆ. ಓದ್ಲಾ, ಬೇಡ್ವಾ?"

"ಓದೇ!" ಎಂದರು ಇಪ್ಪತ್ತೊಂದು ಜನ ಒಟ್ಟಿಗೆ. ಮಗು ಎಚ್ಚರಾಯಿತು.

ಅವಳು ಓದಿದಳು. ಎರಡನೆಯ ಸಲ ಆ ಹೆಸರು ಬಂದಾಗ ಕೆಲವರು ಮಾತ್ರ ಗೊಣಗಿದರು. ಹತ್ತನೆಯ ಸಲಕ್ಕೆ ಅದು ಒಂದು ಹೆಸರು ಅಷ್ಟೇ ಆಗಿತ್ತು. ಇಪ್ಪತ್ತನೆಯ ಸಲಕ್ಕೆ ತಬಾವಾ ಕಾಲು ಮಡಿಸಿ ಮುಂದಕ್ಕೆ ಜರುಗಿ, "ಆ ನಾಸಿರು ಬೀಗದ ಕೈ ಎಲ್ಲಿಟ್ಟಿದ್ದಾನೆ ಅಂತ ಮೊದಲು ಕೇಳೇ ಹುಡುಗೀ," ಎಂದು ಬಿಲ್ಕೀಸುಗೆ ಬುದ್ಧಿ ಹೇಳುತ್ತಿದ್ದಳು. ದಪ್ಪ ಮೀಸೆಯ ಪೊಲೀಸಿನವನು ಬಂದ. ಅಲ್ಹಾಜಿ ಹೇಳಿದ್ದು ಸರಿ, ಶುದ್ಧ ದಡ್ಡ. ಹಿಂಬದಿಯ ಮೆಟ್ಟಿಲು ಕಣ್ಣೆದುರಿಗಿದ್ದರೂ ಲಿಫ್ಟನ್ನೇ ಕಾಯುತ್ತ ನಿಂತ. ದೇಲೂ ಬಾಯಿ ಬಿಟ್ಟುಕೊಂಡು ಕೂತಿದ್ದಳು. ಗಂಟಿನ ಮೇಲೆ ಯಾರದೋ ಮಗು ಮಲಗಿತ್ತು.

ಕೊನೆಗೆ ಕೋಣೆ ತೆರೆಯಿತು. ಖಾಲಿ. ಹೆಣವೂ ಇಲ್ಲ, ಮೂಳೆಯೂ ಇಲ್ಲ. ಮೊದಲ ಹೆಂಡತಿ ಪಾಸ್‌ಪೋರ್ಟನ್ನು ಲಂಗದ ಅಂಚಿಗೆ ಹೊಲಿದುಕೊಂಡು, ಹಿಂಬದಿಯ ಮೆಟ್ಟಿಲಿಳಿದು, ಬರಿಗಾಲಲ್ಲಿ ಹೊರಟುಹೋಗಿದ್ದಳು; ಬೇರೊಂದು ಊರಿನಲ್ಲಿ ರೊಟ್ಟಿಯ ಅಂಗಡಿ ನಡೆಸುತ್ತಿದ್ದಳು. ಹೆಂಡತಿ ಬಿಟ್ಟುಹೋದಳೆಂದು ಹೇಳಲಾರದೆ ಡಾಕ್ಟರು ಖಾಲಿ ಕೋಣೆಗೆ ಬೀಗ ಹಾಕಿಕೊಂಡು ಎರಡು ವರ್ಷ ಕೂತಿದ್ದ.

ತಬಾವಾಳ ಹೊಟ್ಟೆಯೊಳಗಿಂದ ನಗು ಎದ್ದುಬಂತು. "ಕೊಲೆಗಾರ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಹೆಂಡ್ತಿ ಬಿಟ್ಟುಹೋದ್ಳು ಅನ್ನಿಸ್ಕೊಳ್ಳಲ್ಲ! ಅಲ್ಲಿ ಹೋಗಿ ಎಷ್ಟು ಮಹಡಿ ಹತ್ತಿದ್ರೂ ಇವನು ನಮ್ಮೂರವನೇ ಬಿಡ್ರೇ!"

ಬಿಲ್ಕೀಸು ಅವನನ್ನು ಮದುವೆಯಾದಳೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಬೀಗದ ಕೈಯನ್ನು ಅವನಿಂದ ಕೇಳಿ ತೆಗೆದುಕೊಂಡಳು, ಲಿಫ್ಟಿನೊಳಗೆ ಹೋದಳು, ಬಾಗಿಲು ಮುಚ್ಚಿತು. ಅಷ್ಟೇ. ಒಳಂಗಳದಲ್ಲಿ ಎರಡು ಪಕ್ಷವಾಯಿತು. ವಾಪಸು ಬರಲು ಬೀಗದ ಕೈ ತೆಗೆದುಕೊಂಡಳೆಂದು ಕೆಲವರು. ಇನ್ನೊಬ್ಬಳನ್ನು ಅವನು ಕೂಡಿಹಾಕದಿರಲೆಂದು ತೆಗೆದುಕೊಂಡಳೆಂದು ಕಾಂಡೆಯ ಪಕ್ಷ. ಜಗಳ ಬಾಂಗಿನವರೆಗೂ ನಡೆಯಿತು.

ಏಳುವಾಗ ತಬಾವಾ ಅಜೂಮಿಯನ್ನು ಹತ್ತಿರ ಕರೆದಳು. "ನಿನ್ನ ಗಂಡನ ಮೇಲಿನ ಅಪವಾದ ಹೋಯ್ತು. ದಿನ ಆಮೇಲೆ ನೋಡೋಣ. ಮೊದಲೆರಡು ಭಾಗ ಯಾರ ಹತ್ರ ಇದೆ? ನಮ್ಮ ಜುಲಾಯಿಗೆ ಓದಕ್ಕೆ ಬರುತ್ತೆ."

ದೇಲೂ ಅವತ್ತೇ ಸಂಜೆ ಹೊರಟಳು. ಅಲ್ಹಾಜಿ ನಾಸಿರು ನಿರಪರಾಧಿ ಎಂಬ ಸುದ್ದಿಯನ್ನು ಎಷ್ಟು ಮನೆಗೆ ಮುಟ್ಟಿಸಿದಳೋ ತಿಳಿಯದು. ಅಂಥ ಸುದ್ದಿಗೆ ಗಿರಾಕಿ ಕಡಿಮೆ. ಅಜೂಮಿ ಎಂಬತ್ತು ಜನರ ಮುಂದೆ ಗಂಡನ ಹೆಸರನ್ನು ನಲವತ್ತಮೂರು ಸಲ ಹೇಳಿದಳೆಂಬುದನ್ನು ಮಾತ್ರ ಊರಿನ ಎಲ್ಲ ಬಾಗಿಲುಗಳಿಗೂ ತಲುಪಿಸಿದಳು. ಲೆಕ್ಕ ತಪ್ಪು. ನಲವತ್ತೇಳು.

ಭಾನುವಾರ ಅಲ್ಹಾಜಿ ಹೇಳಿಕಳಿಸಿದ: ಇಷ್ಟೆಲ್ಲ ಆದಮೇಲೆ ಹೆಂಡತಿಯನ್ನು ಹೊರಗೆ ಕಳಿಸುವುದು ಚೆನ್ನಾಗಿರುವುದಿಲ್ಲ, ಮಾಲಮಾ ತಪ್ಪು ತಿಳಿಯಬಾರದು. ನನ್ನೆದುರು ಅಂದ 'ಹೂಂ' ಓದುವುದಕ್ಕೆ ಮಾತ್ರ, ತರಗತಿಗೆ ಅಲ್ಲವಂತೆ. ನಾನು ತಪ್ಪು ತಿಳಿಯಲಿಲ್ಲ, ಸರಿಯಾಗಿಯೇ ತಿಳಿದೆ. ಸೋಮವಾರ ಕೋಳಿ ಸಾಕಣೆಯ ಪುಸ್ತಕವನ್ನು ಹೊರತೆಗೆದಾಗ ಇಪ್ಪತ್ತು ಹೆಂಗಸರು ನಿಟ್ಟುಸಿರುಬಿಟ್ಟರು. ಲಾರಾಯಿ ಬಾಣಂತಿತನ ಮುಗಿಯುವವರೆಗೆ ಬರುವಂತಿರಲಿಲ್ಲ.

ಮೂರನೆಯ ಪುಟಕ್ಕೆ ಬಂದಿದ್ದೆವು. ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅಜೂಮಿ ಒಳಗೆ ಬಂದು, ಸಲಾಂ ಹೇಳಿ, ತನ್ನ ಜಾಗದಲ್ಲಿ ಕೂತು, ಸೆರಗಿನಡಿಯಿಂದ ಪುಸ್ತಕವೊಂದನ್ನು ತೆಗೆದಳು. ಮುಖಪುಟದಲ್ಲಿ ಹಡಗು, ಹಡಗಿನ ಮೇಲೆ ಕಣ್ಣೀರು ಸುರಿಸುವ ಹೆಂಗಸು.

"ಎಲ್ಲಿ ನಡೆಯೋದೇ ಇದು?" ಎಂದು ಕಾಂಡೆ ಕುತ್ತಿಗೆ ಚಾಚಿದಳು.

"ಮಲೇಷಿಯಾ."

"ಯಜಮಾನರು ಬಿಟ್ರಾ?" ಎಂದು ನಾನು ಕೇಳಿದೆ.

ಅಜೂಮಿ ಮೊದಲ ಪುಟವನ್ನು ಅಂಗೈಯಿಂದ ಸವರಿ ನೇರ ಮಾಡಿದಳು.

"ಬಾಗಿಲಿಗೆ ಅಡ್ಡ ನಿಂತಿದ್ರು ಮಾಲಮಾ. ಬೀದೀಲಿ ಜನ ಇದ್ರು. ನಾನು ಅವರನ್ನ ಕರೆಯೋಣ ಅಂತ ಬಾಯಿ ತೆರೆದೆ, ಅಷ್ಟೇ. ನಮ್ಮನೆಯವರು ದಾರಿ ಬಿಟ್ರು."